ಹುಳುಮನೆಯ ಮೊಲಗಳು

ತಲೆಗೆ ಬಣ್ಣ ಹಾಕಿಸಿಕೊಳ್ಳುವ ವಯಸ್ಸು ನನಗೂ ಬಂತು. ಕಳೆದ ತಿಂಗಳು ಚಿಕ್ಕಬಳ್ಳಾಪುರದ ಒಂದು ಸಣ್ಣ ಬ್ಯೂಟಿ ಪಾರ್ಲರಿನಲ್ಲಿ ಕುತ್ತಿಗೆಗೆ ಟವೆಲು ಸುತ್ತಿಸಿಕೊಂಡು ಕೂತಿದ್ದೆ. ಅಲ್ಲಿನ ಹುಡುಗಿ ಬಟ್ಟಲಲ್ಲಿ ಏನನ್ನೋ ಕಲೆಸಿ ಬೈತಲೆಗೆ ಹಚ್ಚಿದ್ದೇ ತಡ, ಮೂಗಿನೊಳಗೆ ಘಾಟು ಏರಿ ಕಣ್ಣಲ್ಲಿ ನೀರು ಬಂತು. "ಅಮೋನಿಯಾ ಮೇಡಂ, ಸ್ವಲ್ಪ ಹೊತ್ತು ಅಷ್ಟೇ, ಆಮೇಲೆ ಅಡ್ಜಸ್ಟ್ ಆಗತ್ತೆ" ಅಂದಳು. ಅವಳಿಗೇನು ಗೊತ್ತು, ಆ ಘಾಟಿನ ಪರಿಚಯ ನನಗೆ ಒಂಬತ್ತನೇ ವಯಸ್ಸಿನಿಂದ ಇದೆ. ಹಾಸಿದ ಹುಲ್ಲಿನಲ್ಲಿ ಮೊಲದ ಉಚ್ಚೆ ನೆಂದು ಎರಡು ದಿನ ಕೂತರೆ ಬರುವ ಘಾಟು ಅದು. ಕನ್ನಡಿಯಲ್ಲಿ ನನ್ನ ಮುಖ ಹಾಗೇ ಇತ್ತು, ನಾನು ಮಾತ್ರ ಅಲ್ಲಿರಲಿಲ್ಲ. ನಮ್ಮೂರಿನ ಹುಳುಮನೆಯ ಹೊಸ್ತಿಲ ಮೇಲೆ, ಹಸಿರು ಲಂಗ ಉಟ್ಟುಕೊಂಡು, ಹಿಪ್ಪುನೇರಳೆ ಸೊಪ್ಪಿನ ಹೊರೆಯ ಪಕ್ಕ ನಿಂತಿದ್ದೆ. ಹುಡುಗಿ ಟಿಶ್ಯೂ ಕೊಟ್ಟಳು. ಕಣ್ಣೀರು ಬಣ್ಣದ್ದೇ ಅಂದುಕೊಳ್ಳಲಿ ಅಂತ ಒರೆಸಿಕೊಂಡೆ.

ಹುಳುಮನೆ ಅಂದರೆ ರೇಷ್ಮೆ ಹುಳು ಸಾಕುವ ಮನೆ. ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ನಮ್ಮದು ಕೆಂಚಾರ್ಲಹಳ್ಳಿಯಿಂದ ಒಳಗೆ ನಡೆದು ಹೋಗುವಷ್ಟು ದೂರದ ಊರು. ನಮ್ಮ ಮನೆಯ ಹಿಂದೆ, ದನದ ಕೊಟ್ಟಿಗೆ ದಾಟಿದರೆ, ಉದ್ದಕ್ಕೆ ಚಾಚಿದ ಹುಳುಮನೆ. ಎರಡೂ ಕಡೆ ಜಾಲರಿ ಹೊಡೆದ ಕಿಟಕಿಗಳು, ಒಳಗೆ ಬಿದಿರಿನ ಅಟ್ಟಣೆಗಳು, ನೆಲಕ್ಕೆ ಕಡಪ ಕಲ್ಲು. ಅದರ ಯಜಮಾನಿ ನಮ್ಮ ಅಜ್ಜಿ, ಅಪ್ಪನ ತಾಯಿ. ಒಳಗೆ ಹೋಗಬೇಕಾದರೆ ಕೈಕಾಲು ತೊಳೆಯಬೇಕು, ಚಪ್ಪಲಿ ದೂರ ಬಿಡಬೇಕು, ಮುಡಿಯಲ್ಲಿ ಮಲ್ಲಿಗೆ ಇರಕೂಡದು. ಹುಳು ಹಣ್ಣಾಗಿ ಗೂಡು ಕಟ್ಟಲು ಏರುವ ವಾರದಲ್ಲಿ ಅಡುಗೆಮನೆಯಲ್ಲಿ ಒಗ್ಗರಣೆ ಕೂಡ ಬಂದ್. ಜ್ವರ ಬಂದ ಮಕ್ಕಳನ್ನು ನೋಡಿಕೊಳ್ಳುವುದಕ್ಕಿಂತ ಹೆಚ್ಚು ಜೋಪಾನವಾಗಿ ಆ ಹುಳುಗಳನ್ನು ನೋಡಿಕೊಳ್ಳುತ್ತಿದ್ದಳು. ಮಾಗಿಯ ಚಳಿಯಲ್ಲಿ ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹೊಡೆಸಿ, ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡ ಇಟ್ಟು, ಆಗಾಗ ಒಳಗೆ ಹೋಗಿ ಕೆನ್ನೆಯಿಂದಲೇ ಬಿಸಿ ಅಳೆಯುತ್ತಿದ್ದಳು. ತನ್ನ ಕೈಯಲ್ಲಿ ಒಂದು ಬೆಳೆಯೂ ಕೆಟ್ಟಿಲ್ಲ ಅನ್ನುವುದು ಅವಳ ಜೀವಮಾನದ ಹೆಮ್ಮೆ, ಅದನ್ನು ದಿನಕ್ಕೆರಡು ಸಲ ಹೇಳದಿದ್ದರೆ ಅವಳಿಗೆ ಊಟ ಇಳಿಯುತ್ತಿರಲಿಲ್ಲ.

ನನಗೆ ಬುದ್ಧಿ ಬರುವ ಹೊತ್ತಿಗೆ ಅಪ್ಪ ಹುಳು ಬಿಟ್ಟು ದ್ರಾಕ್ಷಿಗೆ ಹೋದ. ಪಕ್ಕದ ತೋಟಗಳಲ್ಲಿ ಹೊಡೆಯುವ ಔಷಧಿ ಗಾಳಿಯಲ್ಲಿ ಬಂದು ಸೊಪ್ಪಿಗೆ ಕೂರುತ್ತಿತ್ತು, ಅದನ್ನು ತಿಂದ ಹುಳು ಬದುಕುವುದಿಲ್ಲ. ಬದುವಿನ ಮೇಲೆ ಎರಡು ಸಾಲು ಹಿಪ್ಪುನೇರಳೆ ಉಳಿಯಿತು, ಹಿಂದುಗಡೆ ಹುಳುಮನೆ ಖಾಲಿ ಬಿತ್ತು. ಆ ಖಾಲಿ ಮನೆಗೆ ರತ್ನತ್ತೆ ಬಂದಳು. ಅಪ್ಪನ ಒಬ್ಬಳೇ ತಂಗಿ. ಗೌರಿಬಿದನೂರಿನ ಆಚೆ ಕೊಟ್ಟಿದ್ದರು. ಗಂಡ ಹೊಡೆಯುತ್ತಿದ್ದ. ಇದನ್ನು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಸ್ನಾನ ಮಾಡುವಾಗ ಅವಳ ಬೆನ್ನುಜ್ಜಿದ್ದು ನಾನು, ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಒಂದು ಟ್ರಂಕು ಹಿಡಿದು ಬಂದವಳು ಮೊದಲ ತಿಂಗಳು ಅಡುಗೆಮನೆಯ ಮೂಲೆಯಲ್ಲೇ ಕೂತಿದ್ದಳು. ಆಮೇಲೊಂದು ದಿನ ಯಾರೋ ಹೇಳಿದರೆಂದು ಮೊಲ ಸಾಕುವ ತರಬೇತಿಗೆ ಹೋಗಿ ಬಂದಳು. ಬರುವಾಗ ಬುಟ್ಟಿಯಲ್ಲಿ ಆರು ಹೆಣ್ಣು ಮರಿ, ಒಂದು ಗಂಡು ಮೊಲ.

ಹೆಣ್ಣು ಆರೂ ಒಂದೇ ಸೂಲಿನವು. ಅಕ್ಕತಂಗಿಯರನ್ನು ಚಿಕ್ಕಂದಿನಿಂದ ಒಟ್ಟಿಗೆ ಬಿಟ್ಟರೆ ಜಗಳವಾಡುವುದಿಲ್ಲ, ಹೊರಗಿನದು ಬಂದು ಸೇರಿದರೆ ಕಚ್ಚಿ ಓಡಿಸುತ್ತವೆ ಅಂತ ಅತ್ತೆ ಕಲಿತು ಬಂದಿದ್ದಳು. ಬೇರೆಯವರು ಒಂದೊಂದಕ್ಕೆ ಒಂದೊಂದು ತಂತಿ ಗೂಡು ಮಾಡುತ್ತಿದ್ದರು. ಅತ್ತೆಗೆ ಅದು ಸರಿಬೀಳಲಿಲ್ಲ. "ಜೈಲಲ್ಲಿ ಇಟ್ಟಂಗೆ ಯಾಕಮ್ಮ ಇಡ್ಬೇಕು, ಜಾಗ ಇಷ್ಟಿದೆ" ಅಂದು ಹುಳುಮನೆಯ ನೆಲಕ್ಕೆಲ್ಲ ಹುಲ್ಲು ಹಾಸಿ ಒಟ್ಟಿಗೆ ಬಿಟ್ಟಳು. ರೇಷ್ಮೆ ಗೂಡು ಕಟ್ಟಿಸುತ್ತಿದ್ದ ಹಳೆಯ ಬಿದಿರಿನ ಚಂದ್ರಿಕೆಗಳನ್ನು ಅಡ್ಡ ನಿಲ್ಲಿಸಿ, ಒಂದು ಕಡೆ ತಾಯಂದಿರು, ಒಂದು ಕಡೆ ಮಾಂಸಕ್ಕೆ ಬೆಳೆಯುವ ಮರಿಗಳು ಅಂತ ಭಾಗ ಮಾಡಿದಳು. ಮೇವಿಗೆ ಬದುವಿನ ಹಿಪ್ಪುನೇರಳೆ ಸೊಪ್ಪು, ಈಯಲು ಚಿಂತಾಮಣಿ ಮಾರ್ಕೆಟ್ಟಿನ ಟೊಮೇಟೊ ಪೆಟ್ಟಿಗೆಗಳು. ಗಂಡಿಗೆ ಮಾತ್ರ ಹೊರಗೆ ಸೂರಿನ ಕೆಳಗೆ ಒಂಟಿ ಗೂಡು. "ಅದಕ್ಕೆ ಅಷ್ಟೇ ಮರ್ಯಾದೆ" ಅನ್ನುತ್ತಿದ್ದಳು, ಆ ಮಾತಿಗೆ ಮಾತ್ರ ನಗುತ್ತಿದ್ದಳು. ಬಿಸಿಲು ಏರಿದ ಹೊತ್ತಲ್ಲಿ ಅಕ್ಕತಂಗಿಯರು ಆರೂ ಹುಲ್ಲು ಕೆದರಿ ತಣ್ಣನೆ ಕಡಪ ಕಲ್ಲಿನ ಮೇಲೆ ಒಂದಕ್ಕೊಂದು ಒರಗಿ ಕಾಲು ಚಾಚಿ ಮಲಗುತ್ತಿದ್ದವು. ಅತ್ತೆಯೂ ಅವುಗಳ ಪಕ್ಕ ಗೋಡೆಗೆ ಒರಗಿ ಕೂರುತ್ತಿದ್ದಳು. ಆ ಮನೆಗೆ ಬಂದ ಮೇಲೆ ಅವಳು ಕಾಲು ಚಾಚಿ ಕೂತಿದ್ದನ್ನು ನಾನು ಅಲ್ಲೇ ಮೊದಲು ಕಂಡದ್ದು.

ಅಷ್ಟೂ ಚೆಂದವಾಗಿತ್ತು ಅಂತ ನಾನು ಬರೆಯುವುದಿಲ್ಲ. ಅವು ಕೊಲ್ಲುವುದಕ್ಕೆಂದು ಸಾಕಿದ ಮೊಲಗಳು. ಶಿಡ್ಲಘಟ್ಟದ ಬಾಬಾಜಾನ್ ಅನ್ನುವವನು ಮೊಪೆಡ್ಡಿಗೆ ಬುಟ್ಟಿ ಕಟ್ಟಿಕೊಂಡು ಬಂದು, ಮೂರು ತಿಂಗಳು ತುಂಬಿದವನ್ನು ಕಿವಿ ಹಿಡಿಯದೆ, ಬೆನ್ನಿನ ಚರ್ಮ ಹಿಡಿದು ಎತ್ತಿ ನೋಡಿ ಒಯ್ಯುತ್ತಿದ್ದ. ಮನೆಗೆ ಬೇಕಾದಾಗ ಅತ್ತೆಯೇ ಕೊಯ್ಯುತ್ತಿದ್ದಳು. ಮೊಲ ಬದುಕಿರುವಷ್ಟು ದಿನ ಸದ್ದು ಮಾಡುವುದಿಲ್ಲ, ಕೊನೆಗೊಂದು ಸಲ ಮಾತ್ರ ಎಳೆಮಗುವಿನಂತೆ ಚೀರುತ್ತದೆ. ಮೊದಲ ಸಲ ಕೇಳಿದ ದಿನ ನಾನು ಅನ್ನ ಬಿಟ್ಟೆ. ಮಾರನೇ ದಿನ ಒಂದು ಬೂದು ಮರಿಗೆ ಹೆಸರಿಟ್ಟು ಕರೆಯುತ್ತಿದ್ದಾಗ ಅತ್ತೆ ನನ್ನ ಬಾಯಿ ಮುಚ್ಚಿದಳು. "ಹೆಸರಿಡಬ್ಯಾಡ ಸುಮಮ್ಮ. ತಿನ್ನೋದಕ್ಕೆ ಹೆಸರು ಯಾಕೆ?" ಅಂದಳು. ಅವಳ ಕೈಗೆ ಸೊಪ್ಪಿನ ವಾಸನೆ ಇತ್ತು.

ಗಂಡನ ಕಡೆಯವರು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರು. ಬಿಳಿ ಅಂಗಿಯ ನಾಲ್ಕು ಜನ ಹಿರಿಯರು, ಜಗುಲಿಯ ಮೇಲೆ ಕಾಫಿ, ಮೆಲ್ಲನೆ ಮಾತು. ಹೆಣ್ಣುಮಗಳು ತವರಲ್ಲಿ ಎಷ್ಟು ದಿನ ಅಂತ, ಇವನಿಗೂ ಬುದ್ಧಿ ಹೇಳಿದ್ದೀವಿ, ಕಳಿಸಿಕೊಡಿ. ಅಪ್ಪ ಕೆಟ್ಟವನಲ್ಲ, ಆದರೆ ನಾಲ್ಕು ಜನರ ಮುಂದೆ ಎದೆಯೆತ್ತಿ ಮಾತಾಡುವ ಜನವೂ ಅಲ್ಲ. ಕೊನೆಯ ಸಲ ಅವರು ಹೋದ ಮೇಲೆ ಅತ್ತೆಯನ್ನು ಕರೆದು, ನಮ್ಮೆಲ್ಲರ ಎದುರಿಗೇ ಹೇಳಿದ. "ಯುಗಾದಿವರ್ಗೂ ಟೈಮ್ ಕೇಳಿದ್ದೀನಿ ರತ್ನಾ. ಈ ಮೊಲದಲ್ಲಿ ನೀನು ನಿಂತ್ಕೊಂಡೆ ಅಂತ ಇಟ್ಕೋ, ನಮ್ಮ ಹುಡುಗಿ ಬರಲ್ಲ ಅಂತ ನಾನೇ ಅವರ ಮುಖಕ್ಕೆ ಹೇಳ್ತೀನಿ. ಇಲ್ಲಾಂದ್ರೆ ನನ್ ಬಾಯಲ್ಲಿ ಏನಿದೆ ಹೇಳೋಕೆ?" ಅತ್ತೆ "ಆಗ್ಲಿ ಅಣ್ಣ" ಅಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಮೊಲ ಅಂದರೆ ಮೊಲ ಅಲ್ಲ, ಅತ್ತೆ ಇರುವುದೋ ಹೋಗುವುದೋ ಅನ್ನುವುದೇ ಆಗಿತ್ತು. ಮರಿ ಹಾಕಿದರೆ ಅಮ್ಮ ಕೂಡ ದೇವರಿಗೆ ದೀಪ ಹಚ್ಚುತ್ತಿದ್ದಳು.

ಅಜ್ಜಿಗೆ ತನ್ನ ಹುಳುಮನೆಯಲ್ಲಿ ಹಿಕ್ಕೆ ಬಿದ್ದದ್ದು ಸಂಕಟ. ಆದರೆ ಮಗಳು ಉಳಿಯಬೇಕೆಂಬ ಆಸೆ ಆ ಸಂಕಟಕ್ಕಿಂತ ದೊಡ್ಡದು. ಹಾಗಾಗಿ ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಮೊಲಗಳ ಮೇಲೆ ಪ್ರಯೋಗ ಮಾಡತೊಡಗಿದಳು. ಹುಳುವಿನ ಹಾಸಿಗೆಗೆ ರೋಗ ಬರದಿರಲೆಂದು ಸುಣ್ಣದ ಪುಡಿಯನ್ನು ತೆಳುವಾಗಿ ಉದುರಿಸುವುದು ಪದ್ಧತಿ. ಒಂದು ದಿನ ಯಾರಿಗೂ ಹೇಳದೆ ಬಟ್ಟೆಯಲ್ಲಿ ಸುಣ್ಣ ಕಟ್ಟಿಕೊಂಡು ಹೋಗಿ ಎಲ್ಲ ಮೊಲಗಳ ಮೇಲೂ ಉದುರಿಸಿ ಬಂದಳು. ನಾಲ್ಕು ಮರಿಗಳ ಕಣ್ಣು ಹೋಯಿತು. ಅಪ್ಪನಿಗೆ ಎಲ್ಲಿತ್ತೋ ಆ ಸಿಟ್ಟು, ಹೆತ್ತ ತಾಯಿಯನ್ನು ಅಂಗಳದಲ್ಲಿ ನಿಲ್ಲಿಸಿ, "ಇನ್ನೊಂದು ಸಲ ಅದರ ತಂಟೆಗೆ ಹೋದ್ರೆ ನಿನಗೆ ಒಲೆ ಬೇರೆ ಹೂಡ್ತೀನಿ, ನೀನೇ ಬೇಯಿಸ್ಕೊಂಡು ತಿನ್ನು" ಅಂದ. ಅಷ್ಟು ವರ್ಷ ಆ ಮನೆ ಆಳಿದವಳು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅಂದಿನಿಂದ ಅಪ್ಪನ ಚಪ್ಪಲಿ ಸದ್ದು ಕೇಳಿದರೆ ಮಾತು ನಿಲ್ಲಿಸುತ್ತಿದ್ದಳು.

ಪುಷ್ಯ ಮಾಸದ ಚಳಿ ಆ ವರ್ಷ ಜೋರಾಗಿತ್ತು. ಆರು ತಾಯಂದಿರೂ ಒಂದೇ ವಾರದಲ್ಲಿ ಈದವು. ಹೊಟ್ಟೆಯ ಕೂದಲನ್ನು ತಾವೇ ಕಿತ್ತು ಪೆಟ್ಟಿಗೆಯಲ್ಲಿ ಮೆತ್ತೆ ಮಾಡಿ, ಕಣ್ಣು ತೆರೆಯದ, ಮೈಮೇಲೆ ಒಂದು ಕೂದಲೂ ಇಲ್ಲದ ಕೆಂಪು ಮರಿಗಳನ್ನು ಮುಚ್ಚಿಟ್ಟಿದ್ದವು. ಆಚೆ ಭಾಗದಲ್ಲಿ ಹಿಂದಿನ ಸೂಲಿನ ಮರಿಗಳು ಬೆಳೆದು ನಿಂತಿದ್ದವು, ಸಂಕ್ರಾಂತಿ ಕಳೆದ ಕೂಡಲೇ ಎಲ್ಲವನ್ನೂ ಒಟ್ಟಿಗೆ ಒಯ್ಯುತ್ತೇನೆಂದು ಬಾಬಾಜಾನ್ ಮಾತು ಕೊಟ್ಟಿದ್ದ. ಅವು ಹೋಗಿ ಇವು ಬೆಳೆದರೆ ಅತ್ತೆ ನಿಂತ ಹಾಗೆಯೇ, ಅಪ್ಪನೂ ಒಪ್ಪಿಕೊಂಡಿದ್ದ. ಅಷ್ಟರಲ್ಲಿ ಒಂದು ಮೊಲದ ಕಿವಿಯಲ್ಲಿ ಕಜ್ಜಿ ಕಾಣಿಸಿತು. ಒಂದಕ್ಕೆ ಬಂದರೆ ಒಟ್ಟಿಗಿರುವ ಎಲ್ಲಕ್ಕೂ ಹರಡುತ್ತದೆ ಎಂದು ಅತ್ತೆ ಔಷಧಿ ತರಲು ಬೆಳಗಿನ ಬಸ್ಸಿಗೆ ಚಿಂತಾಮಣಿಗೆ ಹೊರಟಳು. ಅಪ್ಪ ಅಮ್ಮ ದ್ರಾಕ್ಷಿ ತೋಟದಲ್ಲಿ. ನೆಗಡಿಯಾಗಿ ಶಾಲೆ ತಪ್ಪಿಸಿದ್ದ ನಾನು ಮನೆಯಲ್ಲಿ. ಹೋಗುವ ಮುಂಚೆ ಅತ್ತೆ ನನ್ನನ್ನು ಹುಳುಮನೆಗೆ ಕರೆದುಕೊಂಡು ಹೋಗಿ ಗಲ್ಲ ಹಿಡಿದು ಹೇಳಿದಳು. "ಕಿಟಕಿ ಯಾವುದನ್ನೂ ಮುಚ್ಚಬ್ಯಾಡ. ಚಳಿ ಇವು ತಡ್ಕೊಂತವೆ, ಗಾಳಿ ಇಲ್ದಿದ್ರೆ ತಡ್ಕೊಳಲ್ಲ. ಅಜ್ಜಿ ಹೇಳಿದ್ರೂ ಮುಚ್ಚಬ್ಯಾಡ, ಗೊತ್ತಾಯ್ತಾ?" ಗೊತ್ತಾಯ್ತು ಅಂದೆ.

ಬಸ್ಸು ಹೋಗಿ ಸ್ವಲ್ಪ ಹೊತ್ತಿಗೆ ಅಜ್ಜಿ ಬಂದಳು. ಪೆಟ್ಟಿಗೆಯ ಕೂದಲು ಸರಿಸಿ ಮರಿಯೊಂದನ್ನು ಅಂಗೈ ಮೇಲೆ ಇಟ್ಟುಕೊಂಡಳು. "ಅಯ್ಯೋ ದೇವುಡಾ, ನೋಡೇ ಹೆಂಗೆ ನಡುಗ್ತಾ ಇದೆ. ಇವಕ್ಕೆ ಚಳಿ ಆಗಲ್ವಂತೆ! ಟ್ರೈನಿಂಗ್ ಕೊಟ್ಟೋರು ಒಂದು ಹುಳ ಸಾಕಿದಾರಾ?" ಅಂದಳು. ಅತ್ತೆ ಮುಚ್ಚಬ್ಯಾಡ ಅಂದಿದ್ದಾಳೆ ಅಂತ ನಾನು ಹೇಳಿದೆ. ಹೇಳಲಿಲ್ಲ ಅಂತಿಲ್ಲ. ಅಜ್ಜಿ ನನ್ನ ಎದುರು ಕುಕ್ಕರಗಾಲಲ್ಲಿ ಕೂತಳು. "ಈ ಮರಿಗಳು ಉಳಿದ್ರೆ ನಿಮ್ಮತ್ತೆ ಇಲ್ಲಿ ಉಳೀತಾಳೆ. ಇವು ಸತ್ರೆ ಆ ಗಂಡ ಅವಳನ್ನ ಕೊಲ್ತಾನೆ. ನಿಮ್ಮತ್ತೆ ಇರೋದು ಬೇಕಾ ಬ್ಯಾಡ್ವಾ ನಿನಗೆ?" ಬೇಕು ಅಂದೆ. "ಹಂಗಾದ್ರೆ ಅಟ್ಟದ ಮೇಲಿಂದ ಆ ಪ್ಲಾಸ್ಟಿಕ್ ತಗೊಂಬಾ."

ನಾನೇ ತಂದೆ. ಮೊಳೆ ಎತ್ತಿ ಕೊಟ್ಟವಳೂ ನಾನೇ. ಅಜ್ಜಿ ಹುಳುವಿಗೆ ಮಾಡುತ್ತಿದ್ದಂತೆಯೇ ಒಂದೊಂದು ಕಿಟಕಿಗೂ ಎರಡು ಪದರ ಹೊಡೆದಳು. ಎರಡು ಅಗ್ಗಿಷ್ಟಿಕೆಯಲ್ಲಿ ಇದ್ದಿಲು ತುಂಬಿ ಅಂಗಳದಲ್ಲೇ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿ ಆದ ಮೇಲೆ ಒಳಗೆ ಇಡಿಸಿದಳು. ಹೊಗೆ ಇಲ್ಲದಿದ್ದರೆ ಅಪಾಯವಿಲ್ಲ ಅನ್ನುವುದು ಅವಳ ಲೆಕ್ಕ. ಅಷ್ಟು ವರ್ಷ ಆ ಕೆಂಡದ ಮನೆಯಲ್ಲಿ ಹುಳು ಬದುಕಿದ್ದವು, ಅವಳೂ ಹೋಗಿ ಬಂದು ಮಾಡಿದ್ದಳು, ಏನೂ ಆಗಿರಲಿಲ್ಲ. ಹುಳುವಿಗೆ ಬೇಕಾದ ಗಾಳಿ ಎಷ್ಟು, ಮೊಲಕ್ಕೆ ಎಷ್ಟು, ಅವಳಿಗೆ ಯಾರು ಹೇಳಬೇಕಿತ್ತು. ನನ್ನನ್ನು ಕೆಂಡಕ್ಕೆ ಬೀಸಲು ಕೂರಿಸಿ ಅಡುಗೆಮನೆಗೆ ಹೋದಳು. ಮೊದಲು ಹಿತವಾಗಿತ್ತು. ಮೊಲದ ಉಚ್ಚೆಯ ಘಾಟು ಬಿಸಿಗೆ ಎದ್ದು ಕಣ್ಣು ಉರಿಯಿತು. ಆಮೇಲೆ ತಲೆ ಸಿಡಿಯತೊಡಗಿತು, ಎದ್ದು ನಿಂತರೆ ಕಾಲು ನನ್ನದಲ್ಲ. ಹೊರಗೆ ಬಂದು ಬಾಗಿಲು ಎಳೆದು ಕಲ್ಲಿನ ಮೇಲೆ ವಾಂತಿ ಮಾಡಿಕೊಂಡೆ.

ದೃಷ್ಟಿಯಾಗಿದೆ ಅಂತ ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನಿಂಬೆ ಹಣ್ಣಿನ ನೀರು ಕುಡಿಸಿ ಹಿತ್ತಿಲ ಕಟ್ಟೆಯ ಮೇಲೆ ಮಲಗಿಸಿಕೊಂಡು ತಲೆ ಸವರಿದಳು. ಆಗ ಹುಳುಮನೆಯಿಂದ ಸದ್ದು ಬಂತು. ಮೊಲ ಹೆದರಿದಾಗ ಹಿಂಗಾಲಿನಿಂದ ನೆಲ ಬಡಿಯುತ್ತದೆ. ದಬ್, ದಬ್, ಒಂದಲ್ಲ, ಹತ್ತಾರು. "ಕೇಳು, ಬೆಚ್ಚಗಾಗಿ ಕುಣೀತಾವೆ" ಅಂದಳು ಅಜ್ಜಿ. ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಸಂತೋಷ ಕಂಡಿತು. ಸ್ವಲ್ಪ ಹೊತ್ತಿಗೆ ಸದ್ದು ಕಡಿಮೆಯಾಯಿತು, ಆಮೇಲೆ ನಿಂತಿತು. "ಮಲಗಿದವು" ಅಂದಳು. ನಾನೂ ಮಲಗಿದೆ.

ಅತ್ತೆ ಬಂದದ್ದು ಸಂಜೆ ನಾಲ್ಕರ ಬಸ್ಸಿಗೆ. ಓಣಿಯ ತಿರುವಿನಲ್ಲಿ ಕಿಟಕಿಯ ಪ್ಲಾಸ್ಟಿಕ್ ಕಂಡದ್ದೇ ಓಡಿ ಬಂದಳು. ಬಾಗಿಲು ಒಳಕ್ಕೆ ತೆರೆಯುವುದು, ತಳ್ಳಿದರೆ ಪೂರ್ತಿ ತೆರೆಯಲಿಲ್ಲ. ಬೆಳೆದ ಮರಿಗಳು ಚಂದ್ರಿಕೆ ಕೆಡವಿಕೊಂಡು ಬಂದು, ಬಾಗಿಲ ಕೆಳಗಿನ ಸಂದಿಗೆ ಮೂಗು ಒಡ್ಡಿ, ಒಂದರ ಮೇಲೊಂದು ಬಿದ್ದು ಸತ್ತಿದ್ದವು. ಅಕ್ಕತಂಗಿಯರು ಆರೂ ಪೆಟ್ಟಿಗೆಗಳ ಹತ್ತಿರವೇ ಇದ್ದವು. ಅವುಗಳ ಕಿವಿ ಬದುಕಿದ್ದಾಗ ಇದ್ದುದಕ್ಕಿಂತ ಕೆಂಪಗೆ, ಆರೋಗ್ಯವಾಗಿ ಕಾಣುತ್ತಿತ್ತು. ಅದನ್ನು ನೋಡಿ ನಾನು ಜೀವ ಇದೆ ಅಂದುಕೊಂಡೆ, ಕೆಂಡದ ವಿಷಗಾಳಿ ಕುಡಿದರೆ ಹಾಗೆ ಕೆಂಪಾಗುತ್ತದೆಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅತ್ತೆ ಒಂದೊಂದನ್ನೂ ಎತ್ತಿ ಹೊರಗೆ ಅಂಗಳದಲ್ಲಿ ಸಾಲಾಗಿ ಮಲಗಿಸಿದಳು. ಔಷಧಿಯ ಚಿಕ್ಕ ಶೀಶೆ ಇದ್ದ ಕವರು ಅವಳ ಮಣಿಕಟ್ಟಿನಲ್ಲಿ ಹಾಗೇ ನೇತಾಡುತ್ತಿತ್ತು. ಕೂದಲ ಮೆತ್ತೆಯ ಅಡಿಯಲ್ಲಿ ಏಳು ಮರಿ ಉಸಿರಾಡುತ್ತಿದ್ದವು. ಮೂರು ದಿನ ಇಂಕ್ ಫಿಲ್ಲರಿನಲ್ಲಿ ಹಸುವಿನ ಹಾಲು ಕುಡಿಸಿದಳು, ನಾಲ್ಕನೇ ದಿನ ಒಂದೂ ಉಳಿಯಲಿಲ್ಲ.

ಆ ಸಂಜೆ ಅಪ್ಪ ತೋಟದಿಂದ ಬಂದು ಅಂಗಳ ನೋಡಿ ನಿಂತ. ಆಮೇಲೆ, "ಕಿಟಕಿಗೆ ಪ್ಲಾಸ್ಟಿಕ್ ಹೊಡೆದೋರು ಯಾರು?" ಅಂದ. ಅಜ್ಜಿಯ ಕೈ ಸೆರಗಿನ ತುದಿ ಹುಡುಕುತ್ತಿತ್ತು. "ಅವಳೇ ಹೇಳ್ಹೋದ್ಲಪ್ಪ. ಚಳಿ ಜಾಸ್ತಿ, ಮುಚ್ಚಿ ಕೆಂಡ ಇಡಿ ಅಂತ. ನನಗೇನ್ ಗೊತ್ತು" ಅಂದಳು. ಅತ್ತೆ ತಲೆಯೆತ್ತಿ ತನ್ನ ತಾಯಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ನನ್ನ ಕಾಲ ಬೆರಳು ನೋಡಿಕೊಂಡೆ. ಒಂದು ವಾಕ್ಯ ಸಾಕಿತ್ತು. ಅಜ್ಜಿಗೆ ಒಲೆ ಬೇರೆ ಮಾಡಿಬಿಡುತ್ತಾರೆ ಅನ್ನುವ ಹೆದರಿಕೆಯೂ ಇತ್ತು, ಮೊಳೆ ಎತ್ತಿ ಕೊಟ್ಟ ಕೈ ನನ್ನದು ಅನ್ನುವ ಹೆದರಿಕೆ ಅದಕ್ಕಿಂತ ಹೆಚ್ಚಿತ್ತು. ಈಗ ಯಾವ ಸಬೂಬು ಹೇಳಿದರೂ ಅಷ್ಟೇ, ನಾನು ಬಾಯಿ ಬಿಡಲಿಲ್ಲ. "ಕಲಿತು ಬಂದವಳೇ ಹಿಂಗ್ ಮಾಡಿದ್ರೆ" ಅಂದ ಅಪ್ಪ, ಅಷ್ಟೇ. ಗುದ್ದಲಿ ತಗೊಂಡು ಹಿಪ್ಪುನೇರಳೆ ಸಾಲಿನ ಕಡೆ ಹೋದ.

ಬಾಬಾಜಾನ್ ಹೇಳಿದ ದಿನಕ್ಕೇ ಬಂದ. ಖಾಲಿ ನೆಲ ನೋಡಿ, ಬುಟ್ಟಿ ಕೆಳಗಿಟ್ಟು, "ಯಾ ಅಲ್ಲಾ, ಒಂದೂ ಇಲ್ವಾಮ್ಮ?" ಅಂದ. ಅತ್ತೆ ಹೊರಗೆ ಗೂಡಿನಲ್ಲಿ ಉಳಿದಿದ್ದ ಗಂಡು ಮೊಲವನ್ನು ಅವನ ಬುಟ್ಟಿಗೆ ಹಾಕಿ ಕಳಿಸಿದಳು. ಹಿರಿಯರು ಯುಗಾದಿಯವರೆಗೂ ಕಾಯಲಿಲ್ಲ. ಸುದ್ದಿ ಹೇಗೆ ಹೋಯಿತೋ, ರಥಸಪ್ತಮಿ ಕಳೆದ ವಾರವೇ ಬಂದರು. ಅಪ್ಪನ ಬಾಯಲ್ಲಿ ಹೇಳಲು ನಿಜವಾಗಿಯೂ ಏನೂ ಇರಲಿಲ್ಲ. ಅತ್ತೆ ಟ್ರಂಕು ತುಂಬಿಕೊಂಡಳು, ಅಮ್ಮ ಕುಂಕುಮ ಇಟ್ಟು ಮಡಿಲು ತುಂಬಿ ಅತ್ತಳು, ಅಜ್ಜಿ ಕೋಣೆಯಿಂದ ಹೊರಗೆ ಬರಲಿಲ್ಲ. ಹಿರಿಯರು ಮುಂದೆ, ಅಪ್ಪ ಟ್ರಂಕು ಹೊತ್ತು ಅವರ ಹಿಂದೆ, ನಾನು ಅತ್ತೆಯ ಕೈ ಹಿಡಿದು ಕೊನೆಯಲ್ಲಿ, ಹೀಗೆ ಬಸ್ ಸ್ಟಾಪಿಗೆ ನಡೆದೆವು.

ಆಮೇಲೆ ಆ ಮನೆ ಮೊದಲಿನ ಮನೆಯಾಗಲಿಲ್ಲ. ಅಜ್ಜಿ ಹುಳುಮನೆಯ ಕಡೆ ಮುಖ ಹಾಕಲಿಲ್ಲ, ಬೆಳೆ ಕೆಟ್ಟಿಲ್ಲ ಅನ್ನುವ ಹೆಮ್ಮೆಯ ಮಾತನ್ನು ಮತ್ತೆ ಆಡಲಿಲ್ಲ. ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ, ಆದರೆ ನನ್ನ ಮುದ್ದೆಗೆ ಮಾತ್ರ ತುಪ್ಪ ಹೆಚ್ಚು ಬೀಳುತ್ತಿತ್ತು. ನಾನು ಅದನ್ನು ತಿಂದೆ, ಬೇಡ ಅನ್ನಲಿಲ್ಲ. ನಾಲ್ಕು ವರ್ಷಕ್ಕೆ ಅಜ್ಜಿ ಹೋದಳು. ಹುಳುಮನೆಯ ಮಾಡು ಕುಸಿಯಿತು, ಬದುವಿನ ಹಿಪ್ಪುನೇರಳೆ ಕಿತ್ತರು, ಈಗ ಅಲ್ಲಿ ಸೈಟು ಮಾಡಿ ಬಿಳಿ ಕಲ್ಲು ನೆಟ್ಟಿದ್ದಾರೆ. ರತ್ನತ್ತೆ ಹೋದ ವರ್ಷ ತೀರಿಕೊಂಡಳು. ನಿಮ್ಮ ಮನೆಯಲ್ಲೂ ಅಂಥ ಒಬ್ಬರು ಇದ್ದಿರಬಹುದು, ಯಾರದೋ ಒಂದು ಮಾತು ಹೊರಬೀಳದೆ ಹೋದದ್ದರಿಂದ ಬದುಕು ಬೇರೆಯಾಗಿ ಹೋದವರು. ಅವರ ಬಗ್ಗೆ ಸತ್ತ ಮೇಲೆ ಒಳ್ಳೆಯ ಮಾತಾಡುವುದು ಸುಲಭ. ನಾನು ಅವಳಿದ್ದಾಗ ಅವಳನ್ನು ಒಂದೇ ಸಲ ನೋಡಲು ಹೋಗಿದ್ದೆ, ನನ್ನ ಮದುವೆ ಲಗ್ನಪತ್ರಿಕೆ ಕೊಡಲು.

ವಿದುರಾಶ್ವತ್ಥ ದಾಟಿ ಒಳಗೆ ಅವಳ ಊರು. ಗಂಡ ಮನೆಯಲ್ಲಿರಲಿಲ್ಲ. ಅತ್ತೆಯ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ, ಕೇಳಿದ್ದಕ್ಕೆ ಬಿದ್ದೆ ಅಂದಳು. ಕಾಫಿ ಮಾಡಿಕೊಟ್ಟು, ಪತ್ರಿಕೆಗೆ ಅರಿಶಿನ ಇದೆಯಾ ಅಂತ ಮೂಲೆಗಳನ್ನು ನೋಡಿ, ಹುಡುಗ ಹೇಗೆ, ಕೈ ಎತ್ತೋನಲ್ಲ ತಾನೇ ಅಂತ ಕೇಳಿದಳು. ಆಗ ನನಗೆ ತಡೆಯಲಾಗಲಿಲ್ಲ.

"ಅತ್ತೆ, ಆವತ್ತು ಕಿಟಕಿ..." ಅಂದೆ.

"ಗೊತ್ತು ಕಣಮ್ಮ. ನಿನ್ ಲಂಗದ ತುಂಬಾ ಇದ್ಲು ಮಸಿ ಇತ್ತು."

"ಮತ್ತೆ ಅಪ್ಪಂಗೆ ಯಾಕೆ ಹೇಳ್ಲಿಲ್ಲ ನೀನು?"

"ನಮ್ಮಮ್ಮ ಸುಳ್ಳು ಹೇಳ್ತಾಳೆ ಅಂತ ನಾನು ಹೆಂಗಮ್ಮ ಹೇಳ್ಲಿ? ನೀನು ಹೇಳಿದ್ರೆ, ಮಗು ಮಾತು ಅಂತ ಅಣ್ಣ ನಂಬ್ತಿದ್ದ. ಬಸ್ ಬರೋವರ್ಗೂ ನೋಡ್ದೆ, ಈಗ ಹೇಳ್ತೀಯಾ, ಈಗ ಹೇಳ್ತೀಯಾ ಅಂತ." ಅವಳ ದನಿಯಲ್ಲಿ ದೂರು ಇರಲಿಲ್ಲ. "ಕಾಫಿ ಆರೋಗತ್ತೆ, ಕುಡಿ" ಅಂದಳು.

ಅವಳನ್ನು ಕಳಿಸಿದ ದಿನ ಬಸ್ಸು ಮುಕ್ಕಾಲು ಗಂಟೆ ತಡವಾಗಿ ಬಂದಿತ್ತು.